ಹಲ್ಲಿನ ಡಾಕ್ಟರು ಇಡಿಸಿದ ಗುರುತು

ದೀಪ ಸಣ್ಣ ಮಾಡಿ, ಹತ್ತಿರ ಬನ್ನಿ. ಇದು ನಮ್ಮ ಪಕ್ಕದ ಮನೆ ಟೈಪಿಂಗ್ ಅಕ್ಕನಿಗೆ ಆದದ್ದು.

ರಾತ್ರಿ ಹನ್ನೊಂದು ದಾಟಿತ್ತು. ಅಕ್ಕ ತಾನು ಕೆಲಸ ಮಾಡೋ ಪ್ರೆಸ್ಸಿಗೆ ಬೀಗ ಹಾಕಿ ಗಂಡನ ಜೊತೆ ಹಾಳುಬಾವಿ ದಾಟುತ್ತಿದ್ದಳು. ಎದೆ ಭಾರ. ಸಂಜೆ ಮಾಡಿದ ಕೆಲಸ ಅಂಥದ್ದು.

ಹಲ್ಲಿನ ಡಾಕ್ಟರು ತಮ್ಮ ಜೀವನದ ಕತೆ ಹೇಳಿ ಅವಳಿಂದ ಟೈಪ್ ಮಾಡಿಸುತ್ತಿದ್ದರು. ಹಲ್ಲು ಕಿತ್ತ ಕತೆ ಯಾರಿಗೆ ಬೇಕು! ಆದರೆ ಕಡೇ ದಿನ ಒಂದು ಸಾಲು ಹೇಳಿದರು ನೋಡಿ… ತಮ್ಮ ಕ್ಲಿನಿಕ್ಕಿನ ನರ್ಸಮ್ಮನ ಮಗಳು ತಮ್ಮದೇ ಮಗಳು ಅಂತ! ಇಪ್ಪತ್ತು ವರ್ಷ ನಾವೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ಆಡಿದ್ದ ಮಾತು.

"ಇಲ್ಲೊಂದು ಗುರುತಿಡಮ್ಮ. ಇನ್ನೊಂದು ಮಾತು ಬಾಕಿ ಇದೆ" ಅಂದರಂತೆ.

ಅಕ್ಕ ಇಟ್ಟಳು. ಆ ಕಂಪ್ಯೂಟರಿನ ಗುರುತು ಎಂಥದ್ದು ಅಂದರೆ, ಮೇಲೆ ಹತ್ತು ಸಾಲು ಸೇರಿಸಿ, ತೆಗೆಯಿರಿ, ಅದು ತನ್ನ ಸಾಲನ್ನು ಬಿಡೋಲ್ಲ. ಗುಂಡಿ ಒತ್ತಿದರೆ ಕರ್ಸರ್ ನೆಟ್ಟಗೆ ಅಲ್ಲಿಗೇ ಹೋಗಿ ನಿಲ್ಲತ್ತೆ. ಸಾಲನ್ನೇ ಅಳಿಸಿದರೆ ಮಾತ್ರ ಗುರುತೂ ಸತ್ತಂತೆ.

ಡಾಕ್ಟರು ಅವತ್ತೇ ರಾತ್ರಿ ತೀರಿಹೋದರು. ವಾರ ಕಳೆದು ಈ ಸಂಜೆ ಅವರ ದೊಡ್ಡ ಮಗ ಮುಖ ಗಂಟು ಹಾಕಿಕೊಂಡು ಬಂದ. "ಆ ಸಾಲು ಕಿತ್ತಾಕಿ. ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಇಲ್ಲಾಂದ್ರೆ ನಿಮ್ಮ ಕೆಲಸ ಇರೋಲ್ಲ."

ಅಕ್ಕ ಅಳಿಸಿದಳು. ಗುಂಡಿ ಒತ್ತಿ ನೋಡಿದಳು. ಗುರುತಿಲ್ಲ ಅಂತ ಬಂತು. ಆ ಹುಡುಗಿಗೆ ಅಪ್ಪನೇ ಇಲ್ಲದಂತಾಯ್ತು.

ಈಗ ಬಾವಿ ದಾಟುವಾಗ ಹಿಂದಿನಿಂದ… ಟಕ್. ಟಕ್ ಟಕ್… ಟಕ್.

"ಪ್ರೆಸ್ಸಿಂದ ಬರ್ತಿದೆ ಕಣ್ರೀ…"

"ಇಲಿ ಇರತ್ತೆ, ನಡಿ."

"ಇಲಿ ಟೈಪ್ ಮಾಡತ್ತಾ?"

ಗಂಡ ಹಗಲು ಹೊತ್ತು ಹುಲಿ. ಈಗ ಅವಳ ತೋಳು ಹಿಡಿದೇ ವಾಪಸ್ ಬಂದ.

ಬೀಗ ಹಾಕಿದಂತೇ ಇತ್ತು. ತೆಗೆದು ನೋಡಿದರೆ ಒಳಗೆ ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು. ಅಕ್ಕ ಕೊನೇ ಪುಟದಲ್ಲಿ ಬಿಟ್ಟು ಮುಚ್ಚಿದ್ದಳು. ಬಿಟ್ಟಲ್ಲೇ ತೆರೆಯೋ, ಅಳಿಸಿದ್ದನ್ನೂ ನೆನಪಿಡೋ ಯಂತ್ರ ಅದು. ಆದರೆ ಕರ್ಸರ್ ಮಿನುಗುತ್ತಿದ್ದದ್ದು… ಅಳಿಸಿದ ಸಾಲಿನ ಜಾಗದಲ್ಲಿ.

"ನಾವು ಹೋದ ಮೇಲೆ ಯಾರೋ ಕೂತು ಎದ್ದಿದಾರೆ…"

ಕೊನೇ ಪುಟಕ್ಕೆ ಹೋದಳು. ಗುರುತಿನ ಗುಂಡಿ ಒತ್ತಿದಳು. ಕರ್ಸರ್ ಹಾರಿ ಅಲ್ಲಿಗೇ ಬಂತು. ಮತ್ತೆ ಒತ್ತಿದಳು… ಮತ್ತೆ ಅಲ್ಲಿಗೇ. ಸಾಲಿಲ್ಲ, ಗುರುತಿದೆ!

ಪಕ್ಕದ ಖಾಲಿ ಕುರ್ಚಿ ಕಿರ್ರ್… ಅಂತು. ಕಿವಿಯ ಹತ್ತಿರವೇ, ಚ್ಚ್… ಚ್ಚ್. ಮಾತು ಹೊಳೆಯದಾಗ ಡಾಕ್ಟರು ನಾಲಿಗೆ ಲೊಚಗುಟ್ಟುತ್ತಿದ್ದದ್ದು ಹಾಗೇ.

"ವಾಪಸ್ ಹಾಕೇ… ಹಾಕ್ಬಿಡೇ!" ಗಂಡನ ಹಲ್ಲು ಕಟಕಟ.

"ಕೆಲಸ ಹೋಗತ್ತೆ ಕಣ್ರೀ…"

"ಹೋಗ್ಲಿ! ಜೀವ ಇದ್ರೆ ತಾನೆ ಕೆಲಸ!"

ಅಳಿಸಿದ್ದನ್ನು ಮರಳಿಸೋ ಗುಂಡಿ ಒತ್ತಿದಳು. ಸಾಲು ಬಂತು. ಕುರ್ಚಿ ಸುಮ್ಮನಾಯಿತು. ಹಾಗೇ ಉಳಿಸಿ ಓಡಿದರು.

ಬೆಳಿಗ್ಗೆ ಅದೇ ಅಚ್ಚಾಯಿತು. ದೊಡ್ಡ ಮಗ ಕೋಪದಲ್ಲಿ ಕುಣಿದಾಡಿದ, ಅಕ್ಕನ ಕೆಲಸವೂ ಹೋಯಿತು. ಆದರೆ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಅಕ್ಕ ಟೈಪ್ ಮಾಡದ ಇನ್ನೊಂದು ಸಾಲಿತ್ತು: "ಅವಳ ಮೊದಲ ಹಾಲುಹಲ್ಲು ನಾನೇ ಕಿತ್ತದ್ದು. ನನ್ನ ಮೇಜಿನ ಮೂರನೇ ಖಾನೆಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದೇನೆ."

ನರ್ಸಮ್ಮ ಖಾನೆ ಎಳೆದಾಗ ನಾನು ಪಕ್ಕದಲ್ಲೇ ಇದ್ದೆ. ಹಲ್ಲು ಇತ್ತು. ಸುಳ್ಳು ಅನ್ನೋರು ಅನ್ನಲಿ, ನಾನೇ ಮುಟ್ಟಿ ನೋಡಿದೀನಿ… ಹತ್ತಿ ಇನ್ನೂ ಹಸಿಯಾಗಿತ್ತು.