ನೆಸ್ಟಾಗೆ ಹೇಳದೆ ಉಳಿದ ಸ್ಕೋರು

"ಗೆದ್ರೂ ಸರಿ, ಸೋತ್ರೂ ಸರಿ, ಬಂದವ್ನೇ ಎಬ್ಬಿಸಿ ಹೇಳು. ಪಾಪ ಮಲಗಿದಾಳೆ ಅಂತ ಸುಮ್ನಾಗ್ಬೇಡ."

ನನ್ನ ಹೆಂಡತಿ ನೆಸ್ಟಾ ಕೊನೆಯದಾಗಿ ಹೇಳಿದ್ದು ಇದು. ನಾನು ಸುಮ್ಮನಾದೆ.

ನನ್ನ ಕೆಲಸ ಸ್ನೂಕರ್ ಮೇಜಿನದು. ವೇಲ್ಸ್‌ನ ನಮ್ಮ ಕಣಿವೆ ಊರಿನ ಸಭಾಂಗಣದಲ್ಲಿ ವರ್ಷಕ್ಕೊಂದು ರ್‍ಯಾಂಕಿಂಗ್ ಟೂರ್ನಿ ನಡೆಯುತ್ತೆ. ಆಟಕ್ಕೆ ಮುಂಚೆ ಮೇಜಿನ ಹಸಿರು ಬಟ್ಟೆಗೆ ಬ್ರಷ್ ಎಳೆದು ಇಸ್ತ್ರಿ ಹಾಕಬೇಕು. ಬಿಸಿ ಕಮ್ಮಿಯಾದರೆ ಚೆಂಡು ದಾರಿ ತಪ್ಪುತ್ತೆ. ಹೆಚ್ಚಾದರೆ ಬಟ್ಟೆ ಸುಡುತ್ತೆ, ನನ್ನ ಕೆಲಸವೂ ಹೋಗುತ್ತೆ.

ನನ್ನ ಇಸ್ತ್ರಿ ಹಳೇದು. ಬಿಸಿ ಹೆಚ್ಚುಕಮ್ಮಿ ಮಾಡುವ ಗುಂಡಿಯ ಅಂಕಿ ಅಳಿಸಿ ಎಷ್ಟೋ ಕಾಲವಾಯಿತು. ಶಾಖ ದಿನಕ್ಕೊಂದು ತರ. ಅದಕ್ಕೇ ನೆಸ್ಟಾ ಬೆಳಿಗ್ಗೆ ಟೀ ಕುದಿಯುವಾಗ ಅದನ್ನು ಕಾಯಿಸಿ, ಹಳೇ ಪೇಪರ್ ಮೇಲೆ ಇಟ್ಟು ನೋಡುವಳು. ಕಾಗದ ಹಳದಿಯಾಗದ ಕಡೆ ಗುಂಡಿ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುವಳು. ಅಷ್ಟೇ. ಆ ದಿನ ನನಗೆ ಚಿಂತೆ ಇಲ್ಲ. ಅವಳು ಹೋದ ಮೇಲೆ ನಾನೇ ನೋಡಿ ಗೀಟು ಎಳೆಯುತ್ತೇನೆ. ಮೂರು ಮೂರು ಸಲ. ಆದರೂ ನಂಬಿಕೆ ಬರಲ್ಲ.

ಯೆಸ್ಟಿನ್ ಅವಳ ತಂಗಿಯ ಮಗ, ಸ್ನೂಕರ್ ಆಟಗಾರ. ಸಾಕಿದ್ದು ನಾವು. ಹೋದ ವರ್ಷ, ನೆಸ್ಟಾ ಆ ಮಾತು ಹೇಳಿದ ರಾತ್ರಿ, ಗೆದ್ದರೆ ಆಟಗಾರರ ಪಟ್ಟಿಯ ಮೊದಲ ಅರವತ್ತನಾಲ್ಕು ಜನರಲ್ಲಿ ಉಳಿಯುತ್ತಿದ್ದ. ಸೋತರೆ ಮತ್ತೆ ಕಸದ ಲಾರಿ ಹತ್ತಬೇಕು. ಗೆದ್ದ. ಐದು-ನಾಲ್ಕು, ಕೊನೇ ಕಪ್ಪು ಚೆಂಡಿನಲ್ಲಿ. ನಾನು ಮನೆ ಸೇರಿದಾಗ ಒಂದು ಗಂಟೆ. ನೆಸ್ಟಾ ಮಲಗಿದ್ದಳು. ಅವಳು ನರಳದೆ ಮಲಗಿ ಎಷ್ಟೋ ವಾರವಾಗಿತ್ತು. ಎಬ್ಬಿಸಲಿಲ್ಲ.

ಬೆಳಿಗ್ಗೆ ಎಬ್ಬಿಸಿದೆ... ಏಳಲಿಲ್ಲ.

ಈ ವರ್ಷ ಯೆಸ್ಟಿನ್ ಸೆಮಿಫೈನಲ್‌ವರೆಗೂ ಬಂದ. ಆರು-ಐದರಲ್ಲಿ ಸೋತ. ಗುಲಾಬಿ ಚೆಂಡು ತೂತಿನ ಬಾಯಲ್ಲಿ ಅಲ್ಲಾಡಿ ನಿಂತುಬಿಟ್ಟಿತು.

"ಬಟ್ಟೆ ಚೆನ್ನಾಗೇ ಇತ್ತು ದೊಡ್ಡಪ್ಪ," ಅಂದ. "ನನ್ನ ಕೈಯೇ ಸರಿ ಇರ್ಲಿಲ್ಲ."

ನನ್ನ ಜೊತೆ ಕೆಲಸ ಮಾಡುವ ಬೆರ್ವಿನ್ ಕರೆದ. "ಬಾರೋ ಮುದುಕ, ಕಾರಲ್ಲಿ ಬಿಡ್ತೀನಿ. ಆ ಇಸ್ತ್ರಿ ನಿನಗಿಂತ ಭಾರ ಇದೆ."

"ನಡ್ಕೊಂಡೇ ಹೋಗ್ತೀನಿ."

"ಹೋಗು. ಸೊಂಟ ಹಿಡ್ಕೊಂಡ್ರೆ ನಾಳೆ ಫೈನಲ್‌ಗೆ ಮುಂಚೆ ನಿಂಗೇ ಇಸ್ತ್ರಿ ಹಾಕ್ತೀನಿ."

ಗುಂಡಿ ಹತ್ತಿರದ ಗೀಟು ಒರೆಸಿದೆ. ದಿನಾ ಒರೆಸುತ್ತೇನೆ. ಇಸ್ತ್ರಿಯನ್ನು ಮರದ ಪೆಟ್ಟಿಗೆಗೆ ಹಾಕಿ ಹೊರಟೆ.

ಪ್ರಾರ್ಥನಾ ಮಂದಿರದ ಕೆಳಗೆ ಒಂದು ಕಲ್ಲುಬಾವಿ. ಅಲ್ಲಿ ಪೆಟ್ಟಿಗೆ ಇಳಿಸಿ ಉಸಿರು ತಗೊಂಡೆ. ಗಾಳಿ ಇಲ್ಲ. ಬಾವಿಯೊಳಗೆ ನೀರು ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್... ಆಮೇಲೆ ಅದೂ ನಿಂತಿತು.

ಹಿಂದೆ... ಟಕ್.

ಕಲ್ಲಿನ ಮೇಲೆ ಊರುಗೋಲು. ಟಕ್ ಆದಮೇಲೆ ಒಂದು ಸಣ್ಣ ಕಿರ್. ತುದಿಯ ರಬ್ಬರ್ ಸವೆದಿದ್ದರೆ ಹಾಗೆ ಕೇಳುತ್ತೆ. ಆ ಕೋಲು ನನಗೆ ಗೊತ್ತು. ಮಣ್ಣು ಮಾಡುವಾಗ ನೆಸ್ಟಾ ಪಕ್ಕದಲ್ಲಿ ಇಟ್ಟವನು ನಾನೇ.

ತಿರುಗಲಿಲ್ಲ.

"ಏನಾಯ್ತು?" ಪಿಸುದನಿ.

"ಸೋತ... ಆರು-ಐದು."

"ಹೋದ್ವರ್ಷ?"

ಪೆಟ್ಟಿಗೆಯ ಮೇಲೆ ಕೈ ಊರಿದೆ.

"ಗೆದ್ದ ಕಣೆ. ಐದು-ನಾಲ್ಕು. ಉಳ್ಕೊಂಡ."

"ಎಬ್ಬಿಸ್ಲಿಲ್ಲ ನೀನು."

"ನೀನು ಮಲಗಿದ್ದೆ... ಚೆನ್ನಾಗಿ ಮಲಗಿದ್ದೆ."

ಆಮೇಲೆ ಮೆಲ್ಲಗೆ... ಟಕ್ ಟಕ್. ಎದುರಾಳಿ ಒಳ್ಳೇ ಹೊಡೆತ ಹೊಡೆದರೆ ಆಟಗಾರರು ಮೇಜಿನ ಅಂಚಿಗೆ ಕ್ಯೂ ಕೋಲು ತಟ್ಟುತ್ತಾರಲ್ಲ, ಹಾಗೆ. ಟಿವಿ ಮುಂದೆ ಕೂತು ನೆಸ್ಟಾನೂ ಹಾಗೇ ಊರುಗೋಲನ್ನು ನೆಲಕ್ಕೆ ತಟ್ಟುವಳು, ಯೆಸ್ಟಿನ್ ಚೆಂಡು ಹಾಕಿದಾಗ.

ಬಾವಿಯಲ್ಲಿ ನೀರು ಮತ್ತೆ ತೊಟ್ಟಿಕ್ಕಿತು.

ನಾನು ಕುಡಿದಿರಲಿಲ್ಲ. ನಿದ್ದೆಗಣ್ಣೂ ಅಲ್ಲ. ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದು. ಮನೆಗೆ ಬಂದು ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಟ್ಟೆ. ಮುಚ್ಚಳ ತೆಗೆಯಲಿಲ್ಲ. ಆ ರಾತ್ರಿ ಹಾಸಿಗೆಯಲ್ಲಿ ನನ್ನ ಕಡೆಯಲ್ಲೇ ಮಲಗಿದೆ, ಅವಳ ಜಾಗ ಬಿಟ್ಟು.

ಬೆಳಿಗ್ಗೆ ಸಭಾಂಗಣದಲ್ಲಿ ಪೆಟ್ಟಿಗೆ ತೆಗೆದೆ. ಗುಂಡಿಯ ಪಕ್ಕ ಒಂದು ಗೀಟು. ಸೀಮೆಸುಣ್ಣದ್ದು, ಹೊಸದು. ನನ್ನ ಗೀಟು ಯಾವಾಗಲೂ ಸೊಟ್ಟ. ಇದು ಸಣ್ಣದು, ನೆಟ್ಟಗಿತ್ತು.

ಗುಂಡಿಯನ್ನು ಅಲ್ಲಿಗೆ ತಿರುಗಿಸಿದೆ. ಕಾಯಲು ಬಿಟ್ಟೆ.

"ಪೇಪರ್ ಮೇಲೆ ಇಟ್ಟು ನೋಡಿದ್ಯೇನೋ?" ಬೆರ್ವಿನ್ ಆ ತುದಿಯಿಂದ ಕೂಗಿದ. "ಫೈನಲ್ ಮಾರಾಯ!"

"ನೋಡಿ ಆಗಿದೆ," ಅಂದೆ.

ಇಸ್ತ್ರಿ ಎತ್ತಿ ನೇರ ಹಸಿರು ಬಟ್ಟೆಯ ಮೇಲಿಟ್ಟು ತಳ್ಳಿದೆ.