ವಾಪಸ್ ಎಣ್ಣೆಯ ತೂಕ

ನಾನು, ವಯಸ್ಸು 46 ವರ್ಷ, ಉದ್ಯೋಗ ಹೈಡ್ರೋಜನ್ ಶೇಖರಣಾ ಘಟಕದಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ, ವಾಸ ಘಟಕದ ಹಿಂಬದಿಯ ಸಿಬ್ಬಂದಿ ವಸತಿಗೃಹ, ಎರಡನೇ ಮಹಡಿ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಘಟಕದಲ್ಲಿ ಹೈಡ್ರೋಜನ್ ಅನಿಲವನ್ನು ಒಂದು ಬಗೆಯ ಎಣ್ಣೆಯೊಂದಿಗೆ ರಾಸಾಯನಿಕವಾಗಿ ಕೂಡಿಸಿ, ಟ್ಯಾಂಕರಿನಲ್ಲಿ 62 ಕಿ.ಮೀ. ದೂರದ ಆಸ್ಪತ್ರೆಯ ವಿದ್ಯುತ್ ಘಟಕಕ್ಕೆ ಕಳಿಸುತ್ತೇವೆ. ಅಲ್ಲಿ ಎಣ್ಣೆಯನ್ನು ಸುಮಾರು 300 ಡಿಗ್ರಿಗೆ ಕಾಯಿಸಿ ಹೈಡ್ರೋಜನ್ ಬಿಡಿಸಿಕೊಳ್ಳುತ್ತಾರೆ. ಎಣ್ಣೆ ಉರಿದುಹೋಗುವುದಿಲ್ಲ, ಮತ್ತೆ ತುಂಬಿಸಿಕೊಳ್ಳಲು ನಮ್ಮಲ್ಲಿಗೇ ಬರುತ್ತದೆ. ಟ್ಯಾಂಕರು ಹೋಗುವಾಗಲೂ ತುಂಬಿರುತ್ತದೆ, ಬರುವಾಗಲೂ ತುಂಬಿರುತ್ತದೆ.

ಈ ದಿನ ಬೆಳಿಗ್ಗೆ 6.10ಕ್ಕೆ ನಮ್ಮ ಚಾಲಕರು 20,000 ಲೀಟರ್ ಎಣ್ಣೆಯೊಂದಿಗೆ ಹೊರಟರು. ಹನ್ನೊಂದು ವರ್ಷಗಳಿಂದ ಗಂಟೆಗೆ 40 ಕಿ.ಮೀ. ದಾಟದ ಕಾರಣ ಘಟಕದಲ್ಲಿ ಅವರನ್ನು ಎಲ್ಲರೂ ಆಮೆ ಎಂದೇ ಕರೆಯುತ್ತಾರೆ. 9.30ಕ್ಕೆ ಆಸ್ಪತ್ರೆಯಿಂದ ವಾಪಸ್ ಹೊರಟ ಅವರನ್ನು 10.25ಕ್ಕೆ ತೂಕದ ತನಿಖಾ ಠಾಣೆಯಲ್ಲಿ ತಡೆಯಲಾಯಿತು. ಹೋಗುವಾಗ ಸರಕಿನ ತೂಕ 18.2 ಟನ್ ಇತ್ತು. ಮಾಲು ಇಳಿಸಿ ಬಂದಿದ್ದೇನೆ ಎಂದವರ ಗಾಡಿ ಈಗ 20.8 ಟನ್ ಸರಕು ತೋರಿಸಿತು. ನಮ್ಮ ವಾಪಸಾತಿ ಚೀಟಿಯಲ್ಲಿ ತೂಕದ ಜಾಗದಲ್ಲಿ ಒಂದು ಗೆರೆ ಮಾತ್ರ ಇತ್ತು. ಅವರನ್ನು ಈ ಪೊಲೀಸ್ ಠಾಣೆಗೆ ಕರೆತಂದರು.

11.40ಕ್ಕೆ ಚಾಲಕರ ಹೆಂಡತಿ ನನಗೆ ಫೋನ್ ಮಾಡಿ, ನಮ್ಮನೆಯವ್ರನ್ನ ಸ್ಟೇಷನ್ನಲ್ಲಿ ಕೂರ್ಸಿದಾರಂತೆ, ಸಂಜೆಯೊಳಗೆ ಕೇಸ್ ಹಾಕಿದ್ರೆ ಲೈಸೆನ್ಸ್ ಹೋಯ್ತು ಅಂತ ಹೇಳ್ತಿದಾರೆ, ಸೈಕಲ್ಲಿನವ್ರೂ ಹಿಂದೆ ಹಾಕೋ ಮನುಷ್ಯ ಏನ್ ಕಳ್ಳಸಾಗಣೆ ಮಾಡ್ತಾರೆ ಮೇಡಂ ಎಂದು ಕೇಳಿದರು. ಅಳುತ್ತಿರಲಿಲ್ಲ. ಹಿಂದೆ ಕುಕ್ಕರ್ ಕೂಗುತ್ತಿತ್ತು, ಅದನ್ನು ಯಾರೂ ಆರಿಸಲಿಲ್ಲ.

ಪ್ರತಿ ಲೋಡಿನಿಂದ 100 ಮಿ.ಲೀ. ಎಣ್ಣೆಯನ್ನು ಕಂದು ಸೀಸೆಯಲ್ಲಿ ತೆಗೆದಿಡುವುದು ನಮ್ಮ ಕ್ರಮ. ಈ ದಿನದ ಸೀಸೆಯನ್ನು ತೆಗೆದುಕೊಂಡು 12.35ಕ್ಕೆ ಠಾಣೆ ತಲುಪಿದೆ. ಚಾಲಕರು ಬಾಗಿಲಿನಿಂದ ಎರಡು ಅಡಿ ಒಳಗೆ ಬೆಂಚಿನ ತುದಿಯಲ್ಲಿ, ಮೊಣಕಾಲುಗಳ ಮೇಲೆ ಕೈಯಿಟ್ಟು ಕುಳಿತಿದ್ದರು. ಅಧಿಕಾರಿಗಳು, ಒಂದೋ ಇವ್ನು ಮಾಲು ಇಳಿಸೇ ಇಲ್ಲ, ಇಲ್ಲಾ ಇಳಿಸಿ ಎಲ್ಲಿಂದಲೋ ಡೀಸೆಲ್ ತುಂಬಿಸ್ಕೊಂಡ್ ಬಂದಿದಾನೆ, ನೀವೇ ಹೇಳಿ ಮೇಡಂ, ಖರ್ಚಾದ ಮೇಲೆ ಜಾಸ್ತಿ ತೂಗೋ ವಸ್ತು ಯಾವ್ದಿದೆ ಎಂದರು. ಪ್ರಶ್ನೆ ನ್ಯಾಯವಾದದ್ದೇ.

ನಾನು ಉತ್ತರಿಸಿದ್ದು ಇಷ್ಟು: ಹೈಡ್ರೋಜನ್ ಕೂಡಿದಾಗ ಎಣ್ಣೆ ಉಬ್ಬಿ ಹಗುರವಾಗುತ್ತದೆ, ಬಿಟ್ಟುಕೊಟ್ಟಾಗ ಕುಗ್ಗಿ ದಟ್ಟವಾಗುತ್ತದೆ. ಲೀಟರಿಗೆ ಲೀಟರು ಹಿಡಿದರೆ ವಾಪಸ್ ಎಣ್ಣೆಯೇ ಭಾರ. ಹಿಂದಿನ ಲೋಡುಗಳಿಂದ ಆಸ್ಪತ್ರೆಯಲ್ಲಿ ಸೇರಿರುವ ವಾಪಸ್ ಎಣ್ಣೆಯ ದಾಸ್ತಾನಿನಿಂದ ನಾವು ಟ್ಯಾಂಕರನ್ನು ಪೂರ್ತಿ 20,000 ಲೀಟರ್ ತುಂಬಿಸಿಯೇ ತರುತ್ತೇವೆ. ಮಾತಿನಲ್ಲಿ ನಂಬುವುದು ಬೇಡ, ಎರಡು ಲೋಟ ನೀರು ಕೊಡಿ ಎಂದು ಕೇಳಿದೆ.

12.55ಕ್ಕೆ ಅಧಿಕಾರಿಗಳ ಸಮಕ್ಷಮದಲ್ಲಿ ಟ್ಯಾಂಕರಿನ ಕೆಳಗಿನ ನಲ್ಲಿಯಿಂದ ಮಾದರಿ ತೆಗೆಯಲಾಯಿತು. ಮೊದಲ ಲೋಟಕ್ಕೆ ಬೆಳಗಿನ ಸೀಸೆಯ ಎಣ್ಣೆ ಹಾಕಿದೆ. ತೇಲಿತು. ಅಧಿಕಾರಿಗಳು ಇನ್ನೊಂದು ಲೋಟ ತರಿಸಿ, ನಮ್ ಜೀಪಿನ ಡೀಸೆಲ್ಲೂ ನೋಡೇಬಿಡೋಣ ಎಂದರು. ಅದೂ ತೇಲಿತು. ಟ್ಯಾಂಕರಿನ ಎಣ್ಣೆಯ ಹನಿ ಬೀಳಿಸುವ ಮುನ್ನ, ಚಾಲಕರ ಮೇಲೆ ನನಗೂ ಅನುಮಾನ ಇದೆಯೇ ಎಂದು ಕೇಳಿಕೊಂಡೆ. ರಸಾಯನಶಾಸ್ತ್ರದ ಮೇಲೆ ಇರಲಿಲ್ಲ. ಅವರ ಮೇಲೆ ಒಂದು ಕ್ಷಣವೂ ಬರಲಿಲ್ಲ ಎಂದು ಪ್ರಮಾಣ ಮಾಡಲಾರೆ. ಹನಿ ನೀರಿನೊಳಗೆ ನಿಧಾನವಾಗಿ ಇಳಿದು ಲೋಟದ ತಳದಲ್ಲಿ ಗುಂಡಗೆ ಕುಳಿತಿತು. ಇನ್ನೂ ನಾಲ್ಕು ಹನಿ ಹಾಕಿದೆ, ನಾಲ್ಕೂ ಮುಳುಗಿದವು.

ಅಧಿಕಾರಿಗಳು ಬಗ್ಗಿ ನೋಡಿ, ಇದೂ ನಿಮ್ ಆಮೆ ಥರಾನೇ ಇಳಿಯುತ್ತಲ್ರೀ ಎಂದು ನಕ್ಕರು. ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿ 20,000 ಲೀಟರ್ ಇಳಿದಿರುವುದನ್ನೂ ಅಷ್ಟೇ ವಾಪಸ್ ತುಂಬಿಸಿರುವುದನ್ನೂ ಖಚಿತಪಡಿಸಿಕೊಂಡರು. 1.20ಕ್ಕೆ ಗಾಡಿಯ ಕೀಲಿಯನ್ನು ಚಾಲಕರ ಕೈಗೆ ಕೊಟ್ಟರು. ಚಾಲಕರು ಮೊದಲ ಬಾರಿ ಬಾಯಿ ತೆರೆದು, ಸಾರ್, ಆ ಮೂರು ಲೋಟ ತೊಳೆದ್ಮೇಲೂ ಅವುಗಳಲ್ಲಿ ಚಹಾ ಕುಡೀಬೇಡಿ ಎಂದರು.

ವಾಪಸಾತಿ ಚೀಟಿಯಲ್ಲಿ ತೂಕ ಬರೆಯದೆ ಗೆರೆ ಎಳೆಯುವ ಪದ್ಧತಿ ನನ್ನದು. ಪ್ರಯೋಗಾಲಯದಲ್ಲಿ ನಮ್ಮ ಲೆಕ್ಕವೆಲ್ಲ ಲೀಟರಿನಲ್ಲಿ. ತೂಕ ಹೆಚ್ಚು ಬರುತ್ತದೆಂದು ನನಗೆ ಗೊತ್ತಿತ್ತು, ರಸ್ತೆಯಲ್ಲಿ ಅದನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಚಾಲಕರು ಎರಡು ಸಲ, ಮೇಡಂ, ಒಂದ್ ಅಂಕಿ ಬರ್ದುಬಿಡಿ, ನಂಗೆ ಧೈರ್ಯ ಎಂದಿದ್ದರು. ಬರೀ ವಾಪಸ್ ಎಣ್ಣೆ ಅಲ್ವಾ ಅಣ್ಣ ಎಂದು ನಾನು ಎರಡೂ ಸಲ ನಕ್ಕಿದ್ದೆ. ನಾಳೆಯಿಂದ ಎರಡೂ ತೂಕಗಳು, ಕಾರಣದ ಒಂದು ಸಾಲಿನೊಂದಿಗೆ, ಚೀಟಿಯಲ್ಲಿ ಇರುತ್ತವೆ.

ಮೇಲಿನದನ್ನು ನನಗೆ ಓದಿ ಹೇಳಲಾಯಿತು. ಬರೆದುಕೊಂಡ ಪೇದೆಯವರು ಸೌಜನ್ಯಕ್ಕೆ, ತೂಕವನ್ನು ಕಣ್ತಪ್ಪಿನಿಂದ ಬಿಟ್ಟಿದ್ದೆ ಎಂದು ಸೇರಿಸಿದ್ದರು. ಆ ಪದವನ್ನು ಹೊಡೆದುಹಾಕಿಸಿ, ಗೊತ್ತಿದ್ದೂ ಎಂದು ಬರೆಸಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದೇನೆ. ಈಗ ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಠಾಣೆ
ದಿನಾಂಕ: 14, ಮಂಗಳವಾರ, ಮಧ್ಯಾಹ್ನ 2.05
(ಸಹಿ)