ಬಂಜರು ಎಂದು ಬರೆದವರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಮ್ಮ ನಿಘಂಟಿನ ಈ ಸಂಪುಟವನ್ನು ಬಿಡುಗಡೆ ಮಾಡಿದ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ಒಂದೇ ಒಂದು ಪದದ ಬಗ್ಗೆ ಮಾತಾಡಿ ಕೂತುಬಿಡುತ್ತೇನೆ. ಬಂಜರು. ಎಲ್ಲಿಂದ ಬಂತು ಈ ಪದ? ಕಂದಾಯದ ಕಾಗದಗಳ ಜೊತೆ ನಮ್ಮಲ್ಲಿಗೆ ಬಂದಿರಬೇಕೆಂದು ಬಲ್ಲವರು ಊಹಿಸುತ್ತಾರೆ. ನನಗಂತೂ ಅದು ಬಂದದ್ದು ಅಪ್ಪನಿಂದ. ಅವರು ಭೂಮಾಪಕರಾಗಿದ್ದರು. ಮನೆಯಲ್ಲಿ ನಕ್ಷೆ ಹರಡಿ, ಒಂದು ಗುಡ್ಡದ ಮೇಲೆ ಕೆಂಪು ಶಾಯಿಯಲ್ಲಿ ಆ ಪದ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಥ ಅಕ್ಷರ, ಮುತ್ತು ಪೋಣಿಸಿದ ಹಾಗೆ!

ಹಾಗಾಗಿ ನಿಘಂಟಿಗೆಂದು ಪದಕ್ಕೊಂದರಂತೆ ಬರೆದಿಡುವ ಚೀಟಿಯಲ್ಲಿ ‘ಏನೂ ಬೆಳೆಯದ ನೆಲ’ ಎಂದು ಅರ್ಥ ಬರೆದು, ಆಧಾರದ ಜಾಗದಲ್ಲಿ ಹೆಮ್ಮೆಯಿಂದ ಅಪ್ಪನ ನಕ್ಷೆಯನ್ನು ಕಾಣಿಸಿದೆ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಯಾವ ಅರ್ಥವೇ ಆಗಲಿ, ಅಚ್ಚಿಗೆ ಹೋಗುವ ಮುಂಚೆ ಆ ಪದದ ಜೊತೆ ಬಾಳುವೆ ಮಾಡುವವರೊಬ್ಬರಿಗೆ ಅದನ್ನು ಓದಿ ಹೇಳಬೇಕು. ಅಪ್ಪನ ನಕ್ಷೆಯ ಅದೇ ಗುಡ್ಡಕ್ಕೆ ಹೋಗಿ, ಅಲ್ಲಿ ಮೇಕೆ ಮೇಯಿಸುವ ಅಕ್ಕನಿಗೆ ಓದಿದೆ. ಆಕೆ ನಕ್ಕುಬಿಟ್ಟರು.

“ನನ್ನ ನಲವತ್ತು ಮೇಕೆ ಏನು ಗಾಳಿ ತಿಂದು ಬೆಳೆದವಾ ಮೇಷ್ಟ್ರೇ? ನೀವು ಬಿತ್ತಿದ್ದು ಬೆಳೆಯಲ್ಲ ಅನ್ನಿ.”

ನನ್ನನ್ನು ಅಲ್ಲೇ ಮೊಣಕಾಲೂರಿ ಕೂರಿಸಿದರು. ಅಂಗೈಯಗಲದ ನೆಲ, ಅದರಲ್ಲಿ ಹನ್ನೊಂದು ಬಗೆಯ ಗಿಡ! ಆಕೆ ಒಂದೊಂದನ್ನೇ ಮುಟ್ಟಿ ಹೆಸರು ಹೇಳುತ್ತಾ ಹೋದರು. ಅವುಗಳಲ್ಲಿ ಆರು ಹೆಸರು ನಮ್ಮ ನಿಘಂಟಿನಲ್ಲೇ ಇರಲಿಲ್ಲ. ಮೂವತ್ತು ವರ್ಷ ಪದ ಹೆಕ್ಕಿದವನು ಅವನ್ನು ಅಲ್ಲೇ ಬರೆದುಕೊಂಡೆ. ಇಷ್ಟು ದಿನ ನಾನು ಕಂಡದ್ದಾದರೂ ಏನು?

ಆಚೆ ಬದಿಯಲ್ಲಿ ಬೇಲಿ, ಬೇಲಿಯಾಚೆ ಕಲ್ಲುಗಣಿ. ಕಾಗದದಲ್ಲಿ ಬಂಜರು ಎಂದಿದ್ದ ಕಾರಣಕ್ಕೆ ಸರ್ಕಾರದವರು ಯಾರನ್ನೂ ಕೇಳದೆ ಅರ್ಧ ಗುಡ್ಡವನ್ನು ಗಣಿಗೆ ಕೊಟ್ಟುಬಿಟ್ಟರಂತೆ. ಎಂಬತ್ತಿದ್ದ ಮೇಕೆ ನಲವತ್ತಕ್ಕೆ ಇಳಿದವಂತೆ.

“ಅದನ್ನ ಬರೆದವರು ಈ ಗುಡ್ಡ ಹತ್ತಿದ್ದರಾ?” ಎಂದು ಆಕೆ ಕೇಳಿದರು.

“ಯಾರು ಬರೆದರೋ ಗೊತ್ತಿಲ್ಲಕ್ಕಾ” ಎಂದೆ.

ಪದಗಳ ಅರ್ಥ ಹೇಳಿ ಸಂಬಳ ತಿಂದವನು ಆಡಿದ ಸುಳ್ಳು ಅದು. ಆಮೇಲೆ ಚೀಟಿಯನ್ನು ತಿದ್ದಿದೆ. ಅರ್ಥ, ‘ಬಿತ್ತಿದ್ದು ಬೆಳೆಯದ ನೆಲ’. ಆಧಾರ, ಮೇಕೆ ಮೇಯಿಸುವಾಕೆಯ ಮಾತು. ಅಪ್ಪನ ನಕ್ಷೆಯನ್ನು ಸದ್ದಿಲ್ಲದೆ ತೆಗೆದುಹಾಕಿದೆ. ಅಷ್ಟು ಸಾಕೇ? ಸಾಲದು, ಸಭಿಕರೇ, ಸಾಲದು.

ಆಕೆ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅಕ್ಕಾ, ಅದನ್ನು ಬರೆದವರು ನನ್ನ ಅಪ್ಪ. ಅವರು ಗುಡ್ಡ ಹತ್ತಲಿಲ್ಲ. ಆ ದಿನ ನನಗೆ ಮೈ ಸುಡುವ ಜ್ವರ. ನನ್ನನ್ನು ಬಿಟ್ಟುಹೋಗಲಾರದೆ, ಹಾಸಿಗೆಯ ಪಕ್ಕದಲ್ಲೇ ಕೂತು ಬರೆದರು.

ಕಿವಿಗೊಟ್ಟ ತಮಗೆಲ್ಲ ಕೃತಜ್ಞತೆಗಳು. ಅಕ್ಕಾ, ನಿಮಗೆ ನಮಸ್ಕಾರ.